ಪದವಿ ವಿದ್ಯಾರ್ಥಿಗಳು ಕ್ರೀಡಾ ವಿಜ್ಞಾನದಲ್ಲಿ ಸ್ವಂತ ಸಂಶೋಧನೆ ಮಾಡಬಹುದೇ?

ಪ್ರಶ್ನೆ (ದೈಹಿಕ ಶಿಕ್ಷಣ ವಿದ್ಯಾರ್ಥಿನಿ, ಹಾಸನ):
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನಲ್ಲಿ ಟ್ರೆಡ್‌ಮಿಲ್ ಆಗಲಿ, ಉಸಿರಿನ ಅನಿಲಗಳನ್ನು ಅಳೆಯುವ ಯಂತ್ರವಾಗಲಿ ಇಲ್ಲ. ಇರುವುದು ಮೈದಾನ, ಸ್ಟಾಪ್‌ವಾಚ್ ಮತ್ತು ಅಳತೆ ಟೇಪು. ಹಿರಿಯ ಸಂಶೋಧಕರಿಗೆ ಅಂಕಿಅಂಶ ಬರೆದುಕೊಡುವುದಷ್ಟೇ ನಮ್ಮ ಪಾಲೇ, ಇಲ್ಲವೇ ಇಷ್ಟರಲ್ಲೇ ನಮ್ಮದೇ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳಬಹುದೇ?

ಉತ್ತರ (ಉಪನ್ಯಾಸಕ, ಚಿಕ್ಕಮಗಳೂರು):
ಖಂಡಿತ ಕೈಗೆತ್ತಿಕೊಳ್ಳಬಹುದು. ಅಮೆರಿಕದ ವೈದ್ಯ ಕೆನೆತ್ ಕೂಪರ್ ಅವರು 1968ರಲ್ಲಿ ಪ್ರಕಟಿಸಿದ 12 ನಿಮಿಷಗಳ ಓಟದ ಪರೀಕ್ಷೆಗೆ ನೀವು ಹೇಳಿದ ಸಲಕರಣೆಗಳೇ ಸಾಕು. ಓಡಿದ ದೂರದ ಮೀಟರುಗಳಿಂದ 504.9 ಕಳೆದು, ಉಳಿದದ್ದನ್ನು 44.73ರಿಂದ ಭಾಗಿಸಿದರೆ ದೇಹವು ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಂದಾಜು ಸಿಗುತ್ತದೆ. 2,400 ಮೀಟರ್ ಓಡಿದವರಲ್ಲಿ ಅದು ದೇಹತೂಕದ ಪ್ರತಿ ಕಿಲೋಗ್ರಾಂಗೆ ನಿಮಿಷಕ್ಕೆ ಸುಮಾರು 42 ಮಿಲಿಲೀಟರ್.

ಆದರೆ ಅಂಕಿ ಕೈಗೆ ಬಂದ ಮಾತ್ರಕ್ಕೆ ಅದು ಸಂಶೋಧನೆಯಾಗದು. ತರಬೇತಿಯಿಂದ ಓಟಗಾರರ ದೂರ 50 ಮೀಟರ್ ಹೆಚ್ಚಿತು ಎಂದು ಬರೆಯುವ ಮೊದಲು, ಯಾವ ತರಬೇತಿಯೂ ಇಲ್ಲದೆ, ಒಂದು ವಾರದ ಅಂತರದಲ್ಲಿ, ಅದೇ ಹೊತ್ತಿಗೆ, ಅದೇ ಮೈದಾನದಲ್ಲಿ ಅವರು ಮತ್ತೆ ಓಡಿದರೆ ದೂರ ಎಷ್ಟು ಏರುಪೇರಾಗುತ್ತದೆ ಎಂಬುದು ತಿಳಿದಿರಬೇಕು. ನನ್ನ ಅಭಿಪ್ರಾಯದಲ್ಲಿ ಪದವಿ ವಿದ್ಯಾರ್ಥಿಯ ಮೊದಲ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯಿಲ್ಲ. ಎರಡನೆಯ ಓಟದ ಹೊತ್ತಿಗೆ ತಮ್ಮ ವೇಗವನ್ನು 12 ನಿಮಿಷಗಳಿಗೂ ಹೊಂದಿಸಿಕೊಂಡು ಓಡುವುದು ರೂಢಿಯಾಗಿರುವುದರಿಂದ ದೂರ ತಾನಾಗಿಯೇ ಹೆಚ್ಚಬಹುದು; ಆದ್ದರಿಂದ ಮೊದಲೇ ಒಂದು ಅಭ್ಯಾಸದ ಓಟ ಇಟ್ಟುಕೊಳ್ಳಿ. ನಮ್ಮ ಕಡೆಯ ಮಳೆಗಾಲದಲ್ಲಂತೂ ಈ ಕೆಲಸ ಬೇಡ, ಏಕೆಂದರೆ ಕೆಸರು ನೆಲದಲ್ಲಿ ಎರಡು ದಿನಗಳ ಓಟವನ್ನು ಹೋಲಿಸಲಾಗದು.

ಉತ್ತರ (ಸಂಶೋಧನಾ ವಿದ್ಯಾರ್ಥಿನಿ, ಹಾಸನ):
ಸರ್ ಹೇಳಿದ್ದರ ಜೊತೆಗೆ ಒಂದು ಮಾತು. ಓಟ ಆರಂಭಿಸುವ ಮೊದಲೇ ನೈತಿಕ ಸಮಿತಿಯ ಅನುಮೋದನೆ ಮತ್ತು ಓಡುವವರ ಲಿಖಿತ ಒಪ್ಪಿಗೆ ಪಡೆಯಿರಿ. 18 ವರ್ಷ ತುಂಬದವರಿದ್ದರೆ ಪೋಷಕರ ಒಪ್ಪಿಗೆಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಇದನ್ನು ವಿವರಿಸುತ್ತದೆ. ಇದು ಗರಿಷ್ಠ ಶ್ರಮದ ಓಟವಾದ್ದರಿಂದ ಎದೆನೋವು, ತಲೆಸುತ್ತು, ಹೃದಯದ ತೊಂದರೆಗಳ ಬಗ್ಗೆ ಮುಂಚಿತವಾಗಿ ಕೇಳಿ ತಿಳಿಯಬೇಕು. ಕಿರಿಯ ವಿದ್ಯಾರ್ಥಿಗಳನ್ನು ಓಡಿಸುವುದಾದರೆ, ನಿರಾಕರಿಸಿದವರ ಹಾಜರಾತಿಗೂ ಅಂಕಕ್ಕೂ ಧಕ್ಕೆಯಿಲ್ಲವೆಂದು ಅಧ್ಯಾಪಕರ ಎದುರಿನಲ್ಲೇ ಸ್ಪಷ್ಟಪಡಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡನೆಯ ಓಟಕ್ಕೆ ಬಾರದವರ ಅಂಕಿಗಳನ್ನು ಕೈಬಿಡಬಹುದೇ, ಸರ್?

ಉತ್ತರ (ಉಪನ್ಯಾಸಕ, ಚಿಕ್ಕಮಗಳೂರು):
ಹೋಲಿಕೆಯ ಲೆಕ್ಕದಲ್ಲಿ ಅವರು ಸೇರುವುದಿಲ್ಲ, ಆದರೆ ವರದಿಯಿಂದ ಅವರನ್ನು ಅಳಿಸಬಾರದು. ಎಷ್ಟು ಮಂದಿ ಬರಲಿಲ್ಲ ಎಂಬುದನ್ನೂ, ಅವರಾಗಿಯೇ ತಿಳಿಸಿದ್ದರೆ ಕಾರಣವನ್ನೂ ಬರೆಯಿರಿ. ಮೊದಲ ಸಲ ಕಡಿಮೆ ಓಡಿದವರೇ ಹೆಚ್ಚಾಗಿ ಗೈರಾಗಿದ್ದರೆ ನಿಮ್ಮ ಫಲಿತಾಂಶದ ಅರ್ಥವೇ ಬದಲಾಗುತ್ತದೆ.