ಹಳೇ ಕಾರಿನ ‘ರೆಸ್ಟೊರೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯದನ್ನು ಮೊದಲಿದ್ದ ಹಾಗೆ ಮಾಡುವ ಕೆಲಸಕ್ಕೆ, ಅಂದರೆ ‘ರೆಸ್ಟೊರೇಷನ್’ಗೆ, ನನಗೊಂದು ಪದ ಬೇಕಾಗಿದೆ. ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಸರಿಯಾದ ಮಾತು ಬಾಯಿಗೆ ಬಾರದೆ ನಮ್ಮ ಮನೆಯಲ್ಲಿ ಒಂದು ನಷ್ಟವೇ ಆಗಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಸೋದರಮಾವನ ಹತ್ತಿರ 1929ರ ಒಂದು ಆಸ್ಟಿನ್ ಸೆವೆನ್ ಇದೆ. ಹಳಬರ ಬಾಯಲ್ಲಿ ಇದು ಬೇಬಿ ಆಸ್ಟಿನ್. ಇಂಗ್ಲೆಂಡಿನ ಲಾಂಗ್‌ಬ್ರಿಜ್ ಕಾರ್ಖಾನೆಯಲ್ಲಿ 1922ರಿಂದ 1939ರ ತನಕ ತಯಾರಾದ ಪುಟ್ಟ ಕಾರು. ಇಂಜಿನ್ ಬರೀ 747 ಸಿಸಿ. ಈಗಿನ ಕೆಲವು ಬೈಕುಗಳ ಇಂಜಿನ್ನೇ ಇದಕ್ಕಿಂತ ದೊಡ್ಡದು. ಮಾವ ನಿವೃತ್ತರಾದ ಮೇಲೆ ಪೂರ್ತಿ ಇದಕ್ಕೇ ಕೈ ಹಾಕಿದ್ದಾರೆ. ಭಾನುವಾರ ನಾನೂ ಹೋಗುತ್ತೇನೆ. ನಟ್ಟು ಬೋಲ್ಟು ಸೀಮೆಎಣ್ಣೆಯಲ್ಲಿ ತೊಳೆದು ಕೊಡುವುದು, ಬಿಚ್ಚಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಕೆಲಸ.

ಬಾಡಿ ಕೆಲಸ ನಮ್ಮ ಕೈಲಾಗುವುದಲ್ಲ. ಒಂದು ಗ್ಯಾರೇಜಿಗೆ ಕೊಟ್ಟೆವು. ಮಾವ ಅವರಿಗೆ ಹೇಳಿದ್ದು ಇಷ್ಟೇ: “ಹೊಸದರ ಹಾಗೆ ಮಾಡಿಕೊಡಿಪ್ಪಾ.” ಅವರು ಹಾಗೇ ಮಾಡಿದರು. ಮಡ್‌ಗಾರ್ಡಿನ ಹಳೇ ಬಣ್ಣವನ್ನು ತಗಡು ಕಾಣುವ ತನಕ ಉಜ್ಜಿ ತೆಗೆದು, ಫಳಫಳ ಹೊಳೆಯುವ ಮೆಟಾಲಿಕ್ ಪೇಂಟ್ ಹೊಡೆದರು. ಸೀಟಿನ ಚರ್ಮ ಕಿತ್ತೆಸೆದು ಹೊಸ ರೆಕ್ಸಿನ್ ಹೊಲಿಸಿದರು. ನಾವು ಹೋಗುವ ಹೊತ್ತಿಗೆ ಆ ಚರ್ಮ ಗುಜರಿಗೂ ಸಿಗದ ಹಾಗೆ ಕಸಕ್ಕೆ ಹೋಗಿತ್ತು. ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೂ ಗ್ಯಾರೇಜಿನವರನ್ನು ಬೈಯಲು ನನಗೆ ಮನಸ್ಸಿಲ್ಲ. ಹೊಸದು ಮಾಡಿ ಅಂದೆವು, ಹೊಸದು ಮಾಡಿದರು. ನಮಗೆ ಬೇಕಾಗಿದ್ದು ಮೊದಲಿನದು. ಅದನ್ನು ಒಂದು ಮಾತಿನಲ್ಲಿ ಹೇಳುವುದು ನಮಗೆ ಗೊತ್ತಾಗಲಿಲ್ಲ.

ಈಗ ಕಾರನ್ನು ಊರಿನ ಒಂದು ಪ್ರದರ್ಶನಕ್ಕೆ ಒಯ್ಯಬೇಕು. ಮುಂದೆ ಕನ್ನಡದಲ್ಲೇ ಒಂದು ಫಲಕ ಇಡಬೇಕು ಅಂತ ಮಾವನ ಆಸೆ. ಕಾರಿನ ಹೆಸರು, ವರ್ಷ, ಆಮೇಲೆ ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ... ಮಾಡಲಾಯಿತು’. ಆ ಚುಕ್ಕಿಗಳ ಜಾಗದಲ್ಲಿ ಏನು ಬರೆಯಲಿ?

ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ‘ನವೀಕರಣ’. ನಮಗೆ ಕಷ್ಟ ತಂದದ್ದೂ ಇದೇ ಅರ್ಥ. ನವ ಅಂದರೇ ಹೊಸದು. ಪರವಾನಗಿ ನವೀಕರಣ ಸರಿ, ಬಸ್ ನಿಲ್ದಾಣದ ನವೀಕರಣ ಸರಿ. ಹಳೆಯದನ್ನು ಹಳೆಯದಾಗಿಯೇ ಉಳಿಸುವ ಕೆಲಸಕ್ಕೆ ಇದು ಒಪ್ಪುವುದಿಲ್ಲ. ‘ದುರಸ್ತಿ’ ಮತ್ತು ‘ರಿಪೇರಿ’ ಕೆಟ್ಟದ್ದನ್ನು ಓಡುವ ಹಾಗೆ ಮಾಡುವಷ್ಟಕ್ಕೆ ನಿಲ್ಲುತ್ತವೆ. ‘ಪುನಶ್ಚೇತನ’ ಅಂದ ಕೂಡಲೇ ನಷ್ಟದಲ್ಲಿರುವ ಕಾರ್ಖಾನೆ ನೆನಪಾಗುತ್ತದೆ. ‘ಮರುಸ್ಥಾಪನೆ’ ಈಗ ಕಂಪ್ಯೂಟರಿನ ಪಾಲಾಗಿದೆ.

ಹಾಗಾಗಿ ಬಹಳ ದಿನ ನನ್ನ ಮನಸ್ಸು ‘ಜೀರ್ಣೋದ್ಧಾರ’ದ ಮೇಲೇ ಇತ್ತು. ನಮ್ಮ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿ ಬಿಡುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಅಂತ ಮತ್ತೆ ಮತ್ತೆ ಬರುತ್ತದೆ. ಎಷ್ಟು ವಿವರವಾದ ಮಾತು ನೋಡಿ. ಖಂಡ ಅಂದರೆ ಮುರಿದದ್ದು. ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಜೀರ್ಣ ಅಂದರೆ ವಯಸ್ಸಾಗಿ ಸವೆದದ್ದು. ಮೂರೂ ಬೇರೆ ಬೇರೆ ಕಾಯಿಲೆ. ನಮ್ಮ ಆಸ್ಟಿನ್ನಿನಲ್ಲಿ ಮೂರೂ ಇದ್ದವು! ಬಾಗಿಲ ಹಿಡಿ ಮುರಿದಿತ್ತು, ದೀಪದ ಗಾಜು ಬಿರುಕು ಬಿಟ್ಟಿತ್ತು, ಬೇರಿಂಗು ಸವೆದಿತ್ತು. ಜೀರ್ಣ ಅಂದರೆ ಈಗ ನಮಗೆ ಊಟ ಅರಗುವುದೇ ನೆನಪಾಗುತ್ತದೆ. ಆದರೆ ‘ಜರಾ’ ಅನ್ನುವ ಮುಪ್ಪಿನ ಪದವೂ ಇದೇ ಬೇರಿನದು. ‘ಸೀರೆ ಜೀರ್ಣವಾಗಿದೆ’ ಅಂತ ನಮ್ಮ ಅಜ್ಜಿ ಹೇಳುತ್ತಿದ್ದದ್ದು ಆ ಅರ್ಥದಲ್ಲೇ. ಇಂಗ್ಲಿಷಿನ ರೆಸ್ಟೊರೇಷನ್ ಮತ್ತು ಹೋಟೆಲಿನ ಬೋರ್ಡಿನ ಮೇಲಿರುವ ರೆಸ್ಟೋರೆಂಟ್ ಕೂಡ ಒಂದೇ ಬೇರಿನವು. ಸೊರಗಿದವರಿಗೆ ಚೈತನ್ಯ ಕೊಡುವ ಸೂಪಿಗೆ ಪ್ಯಾರಿಸಿನಲ್ಲಿ ಆ ಹೆಸರಿತ್ತು, ಆಮೇಲೆ ಅದು ಅಂಗಡಿಗೇ ಅಂಟಿಕೊಂಡಿತು.

ದೇವಸ್ಥಾನದ ಪದವನ್ನು ಕಾರಿಗೆ ತರುವುದು ಅತಿಯಾಯಿತು ಅನಿಸಬಹುದು. ನನಗೂ ಅನಿಸಿತ್ತು. ಆದರೆ ಕಾರಿನವರೇ ಈ ದಾರಿ ಹಿಡಿದಿದ್ದಾರೆ. ಸ್ಮಾರಕಗಳನ್ನು ಹೇಗೆ ಕಾಪಾಡಬೇಕು ಅಂತ 1964ರಲ್ಲಿ ವೆನಿಸ್ ಸನ್ನದು ಬಂತು. ಅದನ್ನೇ ಮಾದರಿಯಾಗಿಟ್ಟುಕೊಂಡು ಹಳೇ ವಾಹನಗಳಿಗಾಗಿ ಟುರಿನ್ ಸನ್ನದು ಬರೆದರು. ಹಳೇ ವಾಹನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅದನ್ನು ಒಪ್ಪಿಕೊಂಡಿತು. ಕಲ್ಲಿನ ಗುಡಿಗೆ ಹೇಳಿದ ಮಾತು ತಗಡಿನ ಕಾರಿಗೂ ಬಂತು ಅಂದ ಹಾಗಾಯಿತು.

ಆ ಸನ್ನದು ಕೆಲಸವನ್ನು ಬೇರೆ ಬೇರೆ ಹೆಸರಿಟ್ಟು ಬಿಡಿಸುತ್ತದೆ. ನಮ್ಮ ಕನ್ನಡದಲ್ಲಿ ತಡವರಿಸುವುದು ಇಲ್ಲೇ. ಒಂದನೆಯದು ಇರುವುದು ಹಾಳಾಗದ ಹಾಗೆ ನೋಡಿಕೊಳ್ಳುವುದು. ಪೆಟ್ಟಿಗೆಯಲ್ಲಿರುವ ರೇಷ್ಮೆ ಸೀರೆ ತೆಗೆದು ಮಡಿಕೆ ಬದಲಿಸಿ ಇಡುತ್ತೇವಲ್ಲ, ಹಾಗೆ. ಇದಕ್ಕೆ ‘ಕಾಪಾಡು’ ಸಾಕು. ಎರಡನೆಯದು ಆಗಲೇ ಹಾಳಾಗುತ್ತಿರುವುದನ್ನು ಅಲ್ಲಿಗೇ ತಡೆಯುವುದು. ತುಕ್ಕು ಮುಂದೆ ಹಬ್ಬದ ಹಾಗೆ ಮಾಡಬೇಕು, ಆದರೆ ಮೂಲ ವಸ್ತುವನ್ನು ಬದಲಿಸಬಾರದು. ಮೂರನೆಯದೇ ರೆಸ್ಟೊರೇಷನ್. ಇಲ್ಲದ ಭಾಗ ತುಂಬಿ ಹಿಂದೆ ಇದ್ದ ರೂಪವನ್ನು ಕಾಣಿಸುವುದು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಮಾತು. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಹತ್ತಿರ ಹೋಗಿ ನೋಡಿದರೆ ಹೊಸದು ಅಂತ ತಿಳಿಯಬೇಕು. ಹರಿದ ಬಟ್ಟೆಗೆ ಮಾಡುವ ಒಳ್ಳೆ ರಫು ಕೆಲಸದ ಹಾಗೆ, ಅಲ್ವಾ? ಇನ್ನು ರಿಪೇರಿ ಅಂದರೆ ಮೂಲದ್ದೋ ಅಲ್ಲವೋ ನೋಡದೆ ಗಾಡಿ ಓಡಿಸುವುದಷ್ಟೇ.

ಈ ಮೂರನೆಯದಕ್ಕೆ ಜೀರ್ಣೋದ್ಧಾರ ಸರಿಹೊಂದಬೇಕಿತ್ತು. ಆದರೆ ಇವತ್ತು ಊರೂರಲ್ಲಿ ಜೀರ್ಣೋದ್ಧಾರ ಅಂದರೆ ಏನು ನಡೆಯುತ್ತಿದೆ? ಹಳೇ ಕಲ್ಲಿನ ಕಂಬಕ್ಕೆ ಆಯಿಲ್ ಪೇಂಟು, ನೆಲಕ್ಕೆ ಟೈಲ್ಸು, ಮೇಲೆ ಸಿಮೆಂಟಿನ ಗೋಪುರ. ಎಷ್ಟೋ ಕಡೆ ಹಳೆಯದನ್ನು ಪೂರ್ತಿ ಕೆಡವಿ ಹೊಸದು ಕಟ್ಟುವುದಕ್ಕೂ ಇದೇ ಹೆಸರು. ಅಂದರೆ ಶಾಸನದ ಅರ್ಥ ಜಾರಿ, ನಮ್ಮ ಗ್ಯಾರೇಜಿನವರು ಮಾಡಿದ ಕೆಲಸದ ಹತ್ತಿರವೇ ಬಂದು ನಿಂತಿದೆ. ಫಲಕದಲ್ಲಿ ಈ ಪದ ಹಾಕಿದರೆ ಓದುವವರು ಯಾವ ಅರ್ಥ ತಗೊಳ್ಳುತ್ತಾರೆ ಅನ್ನುವುದು ನನ್ನ ಅಳುಕು. ಪದಕ್ಕೆ ಅದರ ಹಳೇ ಅರ್ಥವನ್ನು ಮತ್ತೆ ಕೊಡಿಸಬಹುದಾ? ನೀವು ಏನಂತೀರಿ?

ಇನ್ನೊಂದು ಕಡೆಯಿಂದ ಬಂದ ಮಾತನ್ನೂ ಹೇಳಬೇಕು. ನಮ್ಮ ಲೇತಿನ (ಲೋಹ ಕಡೆಯುವ ಯಂತ್ರದ) ಮೇಸ್ತ್ರಿ ಈ ಪದಗಳಲ್ಲಿ ಒಂದನ್ನೂ ಬಳಸುವುದಿಲ್ಲ. ಮೊದಲ ಸಲ ಇಂಜಿನ್ ನೋಡಿ ಅವರು ಹೇಳಿದ್ದು: “ಪಿಸ್ಟನ್ ಹಿಡ್ಕೊಂಡಿದೆ, ಬಿಡಿಸೋಣ. ಬಹಳ ವರ್ಷ ಮಲಗಿದೆ ಪಾಪ, ನಿಧಾನಕ್ಕೆ ಎಬ್ಬಿಸಬೇಕು.” ಆ ‘ಎಬ್ಬಿಸು’ ನನ್ನ ಕಿವಿಯಲ್ಲೇ ಉಳಿದಿದೆ. ನಿಂತುಹೋದ ಗಾಡಿ ಮಲಗಿದೆ, ಅದನ್ನು ಎಬ್ಬಿಸುತ್ತಾರೆ. ಯಾರೂ ಕೂತು ಕಟ್ಟಿದ ಪದ ಇದಲ್ಲ.

ಅವರ ಕೆಲಸ ನೋಡುವುದೇ ಒಂದು ಪಾಠ. ಈ ಕಾರಿನಲ್ಲಿ ಪಿಸ್ಟನ್ನನ್ನು ತಿರುಗುವ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ತುದಿಯಲ್ಲಿ ಈಗಿನ ಹಾಗೆ ಅಂಗಡಿಯಿಂದ ತಂದು ಕೂರಿಸುವ ಬೇರಿಂಗ್ ಇಲ್ಲ. ವೈಟ್ ಮೆಟಲ್ ಕರಗಿಸಿ ಅಲ್ಲೇ ಎರಕ ಹೊಯ್ಯಬೇಕು. ಅದರಲ್ಲಿ ಹೆಚ್ಚಿನ ಪಾಲು ತವರ, ಜೊತೆಗೆ ಸ್ವಲ್ಪ ಆಂಟಿಮನಿ ಮತ್ತು ತಾಮ್ರ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದೂ ತವರದಲ್ಲೇ. ಹೊಯ್ದು, ಲೇತಿನಲ್ಲಿ ಕೊರೆದ ಮೇಲೆ ಶಾಫ್ಟಿಗೆ ತೆಳ್ಳಗೆ ನೀಲಿ ಬಳಿದು, ಜೋಡಿಸಿ, ತಿರುಗಿಸಿ, ಮತ್ತೆ ಬಿಚ್ಚುತ್ತಾರೆ. ನೀಲಿ ಹತ್ತಿದ ಕಡೆ ಉಬ್ಬು ಇದೆ ಅಂತ ಅರ್ಥ. ಅಷ್ಟನ್ನೇ ಹೆರೆಯುತ್ತಾರೆ. ಮತ್ತೆ ಬಳಿದು, ಮತ್ತೆ ತಿರುಗಿಸಿ, ಮತ್ತೆ ಹೆರೆದು, ನೀಲಿ ಎಲ್ಲ ಕಡೆ ಸಮನಾಗಿ ಕಾಣುವ ತನಕ. ಹೊಯ್ಯು, ಹೆರೆ, ಬಳಿ, ಕೂರಿಸು. ಇಷ್ಟು ಸೂಕ್ಷ್ಮದ ಕೆಲಸವೂ ಮನೆಮಾತಿನ ಕ್ರಿಯಾಪದಗಳಲ್ಲೇ ಸಲೀಸಾಗಿ ನಡೆಯಿತು. ವಸ್ತುಗಳ ಹೆಸರು ಮಾತ್ರ ಇಂಗ್ಲಿಷು.

ಅದಕ್ಕೆ ನನಗನಿಸುವುದು ಹೀಗೆ. ವಸ್ತು ಹೊರಗಿನಿಂದ ಬಂದರೆ ಹೆಸರೂ ಜೊತೆಗೆ ಬರಲಿ, ಅದರಲ್ಲಿ ತಪ್ಪೇನಿಲ್ಲ. ‘ಸ್ಟೆಪ್ನಿ’ ನೋಡಿ. ಮೊದಮೊದಲ ಕಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ವೇಲ್ಸಿನ ಲಾನೆಲ್ಲಿ ಊರಿನಲ್ಲಿ 1904ರಲ್ಲಿ ಅರೆಗಳಿಲ್ಲದ (ಸ್ಪೋಕ್ ಇಲ್ಲದ) ಒಂದು ರಿಮ್ಮಿಗೆ ಗಾಳಿ ತುಂಬಿದ ಟಯರು ಹಾಕಿ, ಪಂಕ್ಚರ್ ಆದ ಚಕ್ರಕ್ಕೆ ಬಿಗಿಯುವ ಉಪಾಯ ಕಂಡುಹಿಡಿದರು. ಅಲ್ಲಿನ ಸ್ಟೆಪ್ನಿ ಬೀದಿಯ ಹೆಸರೇ ಅದಕ್ಕಾಯಿತು. ಇಂಗ್ಲೆಂಡಿನಲ್ಲಿ ಆ ಪದ ಮರೆಯಾಗಿದೆ, ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇವತ್ತಿಗೂ ಇದೆ. ‘ಡಿಕ್ಕಿ’ಯೂ ಹಾಗೇ. ಹಳೇ ಕಾರುಗಳ ಹಿಂಭಾಗದಲ್ಲಿ ಮುಚ್ಚಳ ತೆರೆದರೆ ಬಯಲಿಗೇ ಒಂದು ಸೀಟು ಇರುತ್ತಿತ್ತು, ಅದು ಡಿಕ್ಕಿ ಸೀಟು. ಸೀಟು ಹೋಯಿತು, ಸಾಮಾನಿಡುವ ಜಾಗಕ್ಕೆ ಹೆಸರು ಉಳಿಯಿತು. ಗುದ್ದುವುದಕ್ಕೂ ನಮ್ಮಲ್ಲಿ ಡಿಕ್ಕಿ ಅನ್ನುತ್ತೇವೆ, ಆದರೂ ಯಾರಿಗೂ ಗೊಂದಲ ಆಗಿಲ್ಲ. ಮಾಡುವ ಕೆಲಸದ ವಿಷಯ ಬೇರೆ. ಹಳೆಯದನ್ನು ಮೊದಲಿನ ಹಾಗೆ ಮಾಡುವುದು ನಮಗೆ ಹೊರಗಿನಿಂದ ಬಂದ ಕೆಲಸ ಅಲ್ಲ. ಅದಕ್ಕೆ ನಮ್ಮದೇ ಮಾತು ಇರಲೇಬೇಕು.

‘ವಿಂಟೇಜ್’ ಬಗ್ಗೆಯೂ ಎರಡು ಮಾತು. ಇದು ದ್ರಾಕ್ಷಿ ಕೊಯ್ಲಿಗೆ ಲ್ಯಾಟಿನ್‌ನಲ್ಲಿದ್ದ ಪದದಿಂದ ಬಂದದ್ದು, ಅಂದರೆ ದ್ರಾಕ್ಷಿಯ ಸುಗ್ಗಿ. ಇಂಥ ವರ್ಷದ ಬೆಳೆಯ ವೈನ್ ಅನ್ನುವುದರಿಂದ ಕಾರಿಗೆ ದಾಟಿತು. ಇಂಗ್ಲೆಂಡಿನ ಲೆಕ್ಕದಲ್ಲಿ 1919ರಿಂದ 1930ರವರೆಗಿನ ಕಾರು ಮಾತ್ರ ವಿಂಟೇಜ್. ನಮ್ಮ ದೇಶದಲ್ಲಿ 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ವಾಹನ ವಿಂಟೇಜ್. ಮಾತಿನಲ್ಲಂತೂ ಸ್ವಲ್ಪ ಹಳೆಯದಾಗಿ ಚೆನ್ನಾಗಿದ್ದರೆ ಎಲ್ಲವೂ ವಿಂಟೇಜೇ. ನಮ್ಮ 1929ರ ಕಾರು ವಯಸ್ಸಿನ ಎಲ್ಲ ಲೆಕ್ಕದಲ್ಲೂ ದಾಟುತ್ತದೆ. ಇದೇ ಕಾರು 1934ರದ್ದಾಗಿದ್ದರೆ ಇಂಗ್ಲೆಂಡಿನಲ್ಲಿ ಅಲ್ಲ, ಇಲ್ಲಿ ಹೌದು. 1970ರ ಅಂಬಾಸಿಡರ್ ಕೂಡ ಇಲ್ಲಿ ಹೌದು.

ಕನ್ನಡದಲ್ಲಿ ‘ಹಳೇ’ ಅನ್ನುವುದಕ್ಕೇ ಈ ಮೆಚ್ಚುಗೆಯ ಅರ್ಥ ಇದೆ. ಹಳೇ ಅಕ್ಕಿಗೆ ಬೆಲೆ ಜಾಸ್ತಿ, ಅನ್ನ ಉದುರುದುರಾಗಿ ಆಗುತ್ತದೆ. ಆದರೆ ‘ಹಳೇ ಕಾರು’ ಅಂದರೆ ಸೆಕೆಂಡ್ ಹ್ಯಾಂಡ್ ಕಾರು ಅಂದುಕೊಳ್ಳುತ್ತಾರೆ. ಹಳಗನ್ನಡದ ಹಾಗೆ ‘ಹಳಗಾರು’ ಅನ್ನೋಣ ಅಂತ ಗೆಳತಿಯೊಬ್ಬಳು ಹೇಳಿದಳು. ಸಂಧಿ ಸರಿಯಾಗಿದೆ. ಆದರೆ ಮುಂಗಾರು, ಹಿಂಗಾರು ಕೇಳಿದ ಕಿವಿಗೆ ಹಳಗಾರು ಅಂದರೆ ಹೋದ ವರ್ಷದ ಮಳೆಗಾಲ. ನಮ್ಮ ‘ಕಾರು’ ಮಳೆಗಾಲದ ಪದ, ಕಾರ್ಮುಗಿಲಿನ ಕಾರ್. ಹಾಗಾಗಿ ಫಲಕಕ್ಕೆ ‘ವಿಂಟೇಜ್ ಕಾರು’ ಅಂತಲೇ ಇಡುತ್ತೇನೆ. ಇದರಲ್ಲಿ ನನಗೆ ಹಠ ಇಲ್ಲ.

ಹಠ ಇರುವುದು ಇನ್ನೊಂದು ಪದದ ಬಗ್ಗೆ. ಗ್ಯಾರೇಜಿನವರ ಕೈಗೆ ಸಿಗದೆ ಉಳಿದದ್ದು ಡ್ಯಾಶ್‌ಬೋರ್ಡು ಮತ್ತು ಸ್ಟೇರಿಂಗ್ ಚಕ್ರ. ಆ ಚಕ್ರದ ಮೇಲೆ ಎಷ್ಟೋ ಜನ ಕೈ ಇಟ್ಟು, ಎರಡು ಕಡೆ ಮಾತ್ರ ಬಣ್ಣ ಮಾಸಿ ನುಣುಪಾಗಿದೆ. ಇಂಗ್ಲಿಷಿನವರು ಇದಕ್ಕೆ ಪ್ಯಾಟಿನಾ ಅನ್ನುತ್ತಾರೆ, ಅದನ್ನು ಮುಟ್ಟಬಾರದು ಅನ್ನುತ್ತಾರೆ. ನಮ್ಮಲ್ಲಿ ಹಾಳಾಗುವುದಕ್ಕೆ ಪದಗಳು ಧಾರಾಳ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆ ತಾಮ್ರಕ್ಕೆ ಕಿಲುಬು, ನಾಣ್ಯ ಸವಕಲು, ಬಟ್ಟೆ ಮಾಸಲು. ಎಲ್ಲವೂ ದೂರುವ ಮಾತುಗಳೇ. ಕೈ ತಗುಲಿ ತಗುಲಿ ಚೆಂದವಾದದ್ದಕ್ಕೆ, ಹೊಸ್ತಿಲ ನಡುವಿನ ನುಣುಪಿಗೆ, ಅಜ್ಜಿಯ ಒರಳಿನ ಒಳಮೈಗೆ ನಿಮ್ಮ ಕಡೆ ಒಂದು ಪದ ಇದೆಯಾ? ಆ ಒಂದು ಪದ ಅವತ್ತು ನಮ್ಮ ಕೈಲಿದ್ದಿದ್ದರೆ ಗ್ಯಾರೇಜಿನವರಿಗೆ “ಇದನ್ನು ಬಿಟ್ಟುಬಿಡಿ” ಅಂತ ಹೇಳಬಹುದಿತ್ತು.

ಸದ್ಯಕ್ಕೆ ನಾನು ಬರೆದಿಟ್ಟಿರುವ ಸಾಲು ಇದು: ‘ಬಹಳ ವರ್ಷ ನಿಂತಿದ್ದ ಈ ಕಾರನ್ನು ಎಬ್ಬಿಸಿ, ಮೊದಲಿನ ರೂಪಕ್ಕೆ ತರಲಾಗುತ್ತಿದೆ.’ ಮಾವನಿಗೆ ‘ಎಬ್ಬಿಸಿ’ ಇಷ್ಟವಾಗಿದೆ. ‘ಮೊದಲಿನ ರೂಪಕ್ಕೆ ತರು’ ಉದ್ದವಾಯಿತು ಅನ್ನುತ್ತಾರೆ. ತೇರು ಅಥವಾ ಎತ್ತಿನ ಗಾಡಿಯ ಚಕ್ರ ಬಿಚ್ಚಿ, ಆದಷ್ಟು ಅದೇ ಮರ ಉಳಿಸಿಕೊಂಡು ಮತ್ತೆ ಕಟ್ಟುವ ಬಡಗಿಗಳು ನಿಮ್ಮೂರಲ್ಲಿ ಇದ್ದರೆ, ಆ ಕೆಲಸಕ್ಕೆ ಅವರು ಏನನ್ನುತ್ತಾರೆ ಅಂತ ಕೇಳಿ ತಿಳಿಸುತ್ತೀರಾ? ಊರಿನ ಹೆಸರೂ ಬರೆಯಿರಿ. ಪೇಂಟರ್ ಬರುವ ವಾರ ಬರುತ್ತಾರೆ.