ನಿಂಟೆಂಡೊ ಡಿಎಸ್ ಗೇಮ್ ಯಂತ್ರಕ್ಕೆ ಯಾವ ಫ್ಲ್ಯಾಶ್ ಕಾರ್ಡ್ ಕೊಳ್ಳಲಿ? ಇರುವುದು ಬರೀ ಬಿಳಿ ಪರದೆ ತೋರಿಸುತ್ತಿದೆ

ಡೊಂಬಿವಲಿ_ರಾಘು
ಸಾಕಾಗಿ ಹೋಗಿದೆ. ಮೆಮೊರಿ ಕಾರ್ಡ್ ಸಿಕ್ಕಿಸಿ ಫ್ಲ್ಯಾಶ್ ಕಾರ್ಡ್ ಅನ್ನು ಡಿಎಸ್‌ಗೆ ಹಾಕಿದರೆ ಮೆನು ಬರುತ್ತದೆ. ಫೈಲ್ ಆರಿಸಿದರೆ ಎರಡೂ ಪರದೆ ಬಿಳಿ, ಅಷ್ಟೇ. ಕಂಪ್ಯೂಟರ್‌ನಲ್ಲಿ ಅದೇ ಫೈಲ್ ಚೆನ್ನಾಗಿ ಓಡುತ್ತದೆ. ಕಾರ್ಡ್ ಮಾರಿದವನು ಈಗ ಫೋನ್ ಎತ್ತುತ್ತಿಲ್ಲ. ಹೋಂಬ್ರೂಗೆ (ಹವ್ಯಾಸಿಗಳು ಬರೆದ ಪ್ರೋಗ್ರಾಂಗಳಿಗೆ) ಯಾವ ಕಾರ್ಡ್ ಒಳ್ಳೆಯದು ಅಂತ ಹೇಳಿಬಿಡಿ, ಇದನ್ನು ಎಸೆದು ಹೊಸದು ತರುತ್ತೇನೆ. ಮಕ್ಕಳ ರಜೆ ಮುಗಿಯುವುದರೊಳಗೆ ಆಗಬೇಕು.

ಮುಲುಂಡ್_ಮಾಣಿ
ಯಾವ ಡಿಎಸ್ ಮಾರಾಯ್ರೆ? 2004ರ ದಪ್ಪದ್ದೋ, ಲೈಟೋ, ಡಿಎಸ್‌ಐಯೋ? ಜನ ಎಲ್ಲಕ್ಕೂ ಡಿಎಸ್ ಅಂತಲೇ ಹೇಳುತ್ತಾರೆ. ಯಾವ ಕಾರ್ಡ್? ಯಾವ ಫೈಲ್?

ಬೆಸುಗೆ_ಭಟ್ರು
ಏನೂ ಕೇಳುವುದು ಬೇಡ. ಇದು ನಕಲಿ ಮೈಕ್ರೋಎಸ್‌ಡಿ, ಒಳಗೆ ಸಿಕ್ಕಿಸುವ ಮೆಮೊರಿ ಕಾರ್ಡೇ ಮೋಸ. ಮೇಲೆ ಒಂದು ಸೈಜ್ ಬರೆದಿರುತ್ತಾರೆ, ಒಳಗೆ ಅದರ ಕಾಲು ಭಾಗ ಇರುತ್ತದೆ. ಹೆಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪರೀಕ್ಷೆಯ ಪ್ರೋಗ್ರಾಂ ಹಾಕಿ ಪೂರ್ತಿ ಬರೆದು ಓದಿಸಿ. ಲಿನಕ್ಸ್ ಇದ್ದರೆ ಎಫ್3. ಆಮೇಲೆ ಮಾತಾಡೋಣ.

ಡೊಂಬಿವಲಿ_ರಾಘು
ಡಿಎಸ್ ಲೈಟ್. ಬಿಳಿ ಬಣ್ಣದ್ದು. ಕಾರ್ಡ್ ಮೇಲೆ ಆರ್4 ಅಂತ ಸ್ಟಿಕರ್ ಇದೆ. ಮೆಮೊರಿ ಕಾರ್ಡ್ 8 ಜಿಬಿ.

ಬೆಸುಗೆ_ಭಟ್ರು
8 ಜಿಬಿ! ಸಿಕ್ಕಿತಲ್ಲ. ಅಸಲಿ ಆರ್4 2 ಜಿಬಿ ಮೇಲೆ ಓದುವುದೇ ಇಲ್ಲ, ಅದಕ್ಕೆ ಎಸ್‌ಡಿಹೆಚ್‌ಸಿ (2 ಜಿಬಿಗಿಂತ ದೊಡ್ಡ ಮೆಮೊರಿ ಕಾರ್ಡ್‌ನ ಬಗೆ) ಗೊತ್ತಿಲ್ಲ.

ಮುಲುಂಡ್_ಮಾಣಿ
ಭಟ್ರೇ, ಮೆನು ಬರುತ್ತದೆ ಅಂತ ಮೊದಲ ಪೋಸ್ಟ್‌ನಲ್ಲೇ ಇದೆ. ಆ ಮೆನು ಇರುವುದೇ ಮೆಮೊರಿ ಕಾರ್ಡ್‌ನಲ್ಲಿ. ಕಾರ್ಡ್ ಓದದಿದ್ದರೆ ಮೆನು ಎಲ್ಲಿಂದ ಬಂತು? ಅವರದು ಎಸ್‌ಡಿಹೆಚ್‌ಸಿ ಓದುವ ಕ್ಲೋನ್, ಅಂದರೆ ಆರ್4ನ ನಕಲು. ಈಗ ಬಜಾರಿನಲ್ಲಿ ಸಿಗುವುದೆಲ್ಲ ಅವೇ.

ಬೆಸುಗೆ_ಭಟ್ರು
ಮೆನು ಮೊದಲ ಕೆಲವು ಎಂಬಿಯಲ್ಲಿ ಇರುತ್ತದೆ. ಫೈಲ್ ಹಿಂದೆ ಎಲ್ಲೋ ಇರುತ್ತದೆ. ನಕಲಿ ಕಾರ್ಡ್ ಹಿಂದಿನ ಭಾಗದಲ್ಲೇ ಕೈ ಕೊಡುವುದು. ಟೆಸ್ಟ್ ಮಾಡಿಸಿ.

ಕೊತ್ರೂಡ್_ಕಿಟ್ಟಿ
ಕಾರ್ಡ್ ಯಾಕೆ ಬೇಕು ಅಂತ ಯಾರೂ ಕೇಳುತ್ತಿಲ್ಲವಲ್ಲ. ಲೈಟ್ ಮಾರಿ ಒಂದು ಸೆಕೆಂಡ್‌ಹ್ಯಾಂಡ್ ಡಿಎಸ್‌ಐ ತೆಗೆದುಕೊಳ್ಳಿ. ಅದರಲ್ಲಿ ಎಸ್‌ಡಿ ಸ್ಲಾಟ್ ಇದೆ, 32 ಜಿಬಿ ತನಕ ನಡೆಯುತ್ತದೆ. ಹೋಂಬ್ರೂಗೆ ದಾರಿ ಬಿಡಿಸುವ ಮೆಮೊರಿ ಪಿಟ್ ಫೈಲ್ ಹಾಕಿ, ಕ್ಯಾಮೆರಾ ಆ್ಯಪ್‌ನಲ್ಲಿ ಎಸ್‌ಡಿ ಆಲ್ಬಂ ತೆರೆದರೆ ಸೀದಾ ಹೋಂಬ್ರೂ ತೆರೆಯುವ ಟ್ವಿಲೈಟ್ ಮೆನುಗೆ ಹೋಗುತ್ತದೆ. ಕಾರ್ಡಿಗೆ ಒಂದು ರೂಪಾಯಿ ಖರ್ಚಿಲ್ಲ. ರ್‍ಯಾಮ್ 16 ಎಂಬಿ, ಲೈಟ್‌ನಲ್ಲಿ ಬರೀ 4. ಯಂತ್ರದೊಳಗೇ ಕೂರುವ ಅನ್‌ಲಾಂಚ್ ಹಾಕುವುದಿದ್ದರೆ ಮಾತ್ರ ಮೊದಲು ನ್ಯಾಂಡ್ (ಒಳಗಿನ ಮೆಮೊರಿ) ಬ್ಯಾಕಪ್ ತೆಗೆದಿಟ್ಟುಕೊಳ್ಳಿ.

ವಾಸ್ಕೋ_ವಾದಿರಾಜ
ಡಿಎಸ್‌ಐಯಲ್ಲಿ ಹಳೆಯ ಗೇಮ್ ಬಾಯ್ ಅಡ್ವಾನ್ಸ್ (ಜಿಬಿಎ) ಆಟಗಳ ಸ್ಲಾಟ್ ಇಲ್ಲ. ಲೈಟ್ ಮಾರಿ ಅನ್ನುವವರ ಮಾತು ಕೇಳಬೇಡಿ ರಾಘು. ನನ್ನ ಹತ್ತಿರ ಎರಡೂ ಇವೆ, ಕೈ ಹೋಗುವುದು ಲೈಟ್‌ಗೇ. ಕೆಳಗಿನ ಸ್ಲಾಟ್‌ನಲ್ಲಿ ಇಝಡ್-ಫ್ಲ್ಯಾಶ್ ಒಮೆಗಾ ಕಾರ್ಡ್, ಮೇಲೆ ಸೂಪರ್‌ಕಾರ್ಡ್ ಡಿಎಸ್‌ಟೂ. ಡಿಎಸ್‌ಟೂ ಒಳಗೆ ಅದರದ್ದೇ ಪ್ರೊಸೆಸರ್ ಇದೆ, ಬ್ಯಾಟರಿಯನ್ನು ಕುಡಿದುಬಿಡುತ್ತದೆ, ಆದರೆ ಅದರ ಮಜಾನೇ ಬೇರೆ. ಈಗ ತಯಾರಾಗುವುದಿಲ್ಲ, ಹೊಸದು ಅಂತ ಯಾರಾದರೂ ಮಾರಿದರೆ ನಂಬಬೇಡಿ. ಫೋಟೋ ಹಾಕಲಾ?

ಮತ್ತೆ, ಮಳೆಗಾಲದಲ್ಲಿ ಸ್ಲಾಟ್‌ನ ಪಿನ್ ಹಸಿರು ಹಿಡಿಯುತ್ತವೆ. ಇಲ್ಲಿ ವಾಸ್ಕೋದಲ್ಲಿ ಪ್ರತಿ ವರ್ಷದ ಗೋಳು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ನೋಡಿದಿರಾ?

ಮುಲುಂಡ್_ಮಾಣಿ
ಪಿನ್ ಕೊಳೆಯಾಗಿದ್ದರೂ ಮೆನು ಬರುವುದಿಲ್ಲ. ಎಲ್ಲರೂ ಅದೊಂದು ಸಾಲು ಬಿಟ್ಟು ಓದುತ್ತಿದ್ದೀರಿ.

ಡೊಂಬಿವಲಿ_ರಾಘು
ಒರೆಸಿದೆ. ರಾತ್ರಿಯಿಡೀ ಹೆಚ್2ಟೆಸ್ಟ್‌ಡಬ್ಲ್ಯೂ ಓಡಿಸಿದೆ. ಒಂದೂ ಎರರ್ ಇಲ್ಲ, 8 ಜಿಬಿ ಪೂರ್ತಿ ಇದೆ. ನಾನು ಕೇಳಿದ್ದು ಯಾವ ಕಾರ್ಡ್ ಕೊಳ್ಳಲಿ ಅಂತ.

ಬೆಸುಗೆ_ಭಟ್ರು
ಹಾಗಾದರೆ ಫಾರ್ಮ್ಯಾಟ್ ತಪ್ಪು. ಫ್ಯಾಟ್32 ಇರಬೇಕು, ಕ್ಲಸ್ಟರ್ (ಕಾರ್ಡ್ ಜಾಗ ಹಂಚುವ ತುಂಡು) 32 ಕೆಬಿ. ವಿಂಡೋಸ್‌ನ ಫಾರ್ಮ್ಯಾಟ್ ಬೇಡ, ಎಸ್‌ಡಿ ಅಸೋಸಿಯೇಷನ್‌ನ ಫಾರ್ಮ್ಯಾಟರ್ ಬಳಸಿ. ಕಾರ್ಡ್ ಹೊಸದೇ ಬೇಕು ಅಂದರೆ ಮುಂಬೈಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಿ.

ಕೊತ್ರೂಡ್_ಕಿಟ್ಟಿ
ಲ್ಯಾಮಿಂಗ್ಟನ್ ರೋಡ್‌ನಲ್ಲಿ ಈಗ ಡಿಎಸ್ ಕಾರ್ಡ್? ಸಿಸಿಟಿವಿ, ರೌಟರ್, ಲ್ಯಾಪ್‌ಟಾಪ್ ಬಿಡಿಭಾಗ ಸಿಗುತ್ತದೆ. ನಮ್ಮ ಪುಣೆಯ ತಪ್ಕೀರ್ ಗಲ್ಲಿಯಲ್ಲೂ ಅದೇ ಕತೆ. ಕೇಳಿದರೆ ಮೆಮೊರಿ ಕಾರ್ಡ್ ತೋರಿಸುತ್ತಾರೆ.

ಬೆಸುಗೆ_ಭಟ್ರು
ನಿಮಗೆ ಅಂಗಡಿ ಗೊತ್ತಿಲ್ಲ ಅಂದರೆ ಬಜಾರಿನಲ್ಲಿ ಮಾಲೇ ಇಲ್ಲ ಅಂತಲ್ಲ. ನಾನು ಲ್ಯಾಮಿಂಗ್ಟನ್ ರೋಡ್ ನೋಡಿಕೊಂಡೇ ದೊಡ್ಡವನಾದವನು.

ಕೊತ್ರೂಡ್_ಕಿಟ್ಟಿ
ಸರಿ, ಅಂಗಡಿಯ ಫೋಟೋ ಹಾಕಿ, ಮುಂದಿನ ವಾರ ನಾನೇ ಡೆಕ್ಕನ್ ಕ್ವೀನ್ ರೈಲು ಹತ್ತಿ ಬರುತ್ತೇನೆ.

ಮುಲುಂಡ್_ಮಾಣಿ
ಬಜಾರಿನ ಜಗಳ ಆಮೇಲೆ. ರಾಘು ಅವರೇ, ಮೂರು ವಿಷಯ ಹೇಳಿ. ಬೇರೆ ಯಾವ ಹೋಂಬ್ರೂ ಆದರೂ ಆ ಕಾರ್ಡ್‌ನಲ್ಲಿ ಓಡುತ್ತದಾ? ಈ ಫೈಲ್ ಯಾರು ಮಾಡಿದ್ದು? ಕಂಪ್ಯೂಟರ್‌ನಲ್ಲಿ ಯಾವ ಎಮ್ಯುಲೇಟರ್ (ಡಿಎಸ್‌ನಂತೆ ನಟಿಸುವ ಪ್ರೋಗ್ರಾಂ)?

ಡೊಂಬಿವಲಿ_ರಾಘು
ಬೇರೆ ಎಲ್ಲ ಓಡುತ್ತದೆ. ಮೂನ್‌ಶೆಲ್‌ನಲ್ಲಿ ಹಾಡು ಕೇಳುತ್ತೇನೆ. ತೊಂದರೆ ನನ್ನ ಫೈಲ್‌ನಲ್ಲಿ ಮಾತ್ರ, ಅದಕ್ಕೇ ಕೇಳುತ್ತಿರುವುದು. ಫೈಲ್ ನಾನೇ ಬರೆದದ್ದು. ಬಳಸಿದ ಸಾಧನ ಡೆವ್‌ಕಿಟ್‌ಆರ್ಮ್, ಲಿಬ್‌ಎನ್‌ಡಿಎಸ್. ಅಕ್ಕನ ಮಗಳಿಗೆ ಕನ್ನಡ ಅಕ್ಷರ ತಿದ್ದಿಸುವ ಆಟ. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್, ಹಿಂದಿ ಇದೆ, ಕನ್ನಡ ಇಲ್ಲ. ಕೆಳಗಿನ ಪರದೆಯಲ್ಲಿ ಕಡ್ಡಿಯಿಂದ ತಿದ್ದಬೇಕು. ಅಕ್ಷರದ ಚಿತ್ರಗಳೆಲ್ಲ ನೈಟ್ರೋಎಫ್‌ಎಸ್‌ನಲ್ಲಿವೆ. ಮೆಲಾನ್‌ಡಿಎಸ್‌ನಲ್ಲಿ ಚೆನ್ನಾಗಿ ಓಡುತ್ತದೆ.

ಮುಲುಂಡ್_ಮಾಣಿ
ಅಯ್ಯೋ ದೇವರೇ. ಇದನ್ನು ಮೊದಲೇ ಹೇಳಬಾರದಿತ್ತಾ!

ಕೇಳಿ. ನೈಟ್ರೋಎಫ್‌ಎಸ್ ಅಂದರೆ ಪ್ರೋಗ್ರಾಂ ತನ್ನದೇ ಫೈಲ್ ತೆರೆದು, ಅದರೊಳಗಿನ ಚಿತ್ರ ಓದುತ್ತದೆ. ಅದಕ್ಕೆ ಎರಡು ಬೇಕು. ಒಂದು, ಮೆಮೊರಿ ಕಾರ್ಡ್ ಓದುವ ಡ್ರೈವರ್, ಅಂದರೆ ಡಿಎಲ್‌ಡಿಐ. ಹೆಚ್ಚಿನ ಕಾರ್ಡ್‌ಗಳ ಮೆನು ಇದನ್ನು ತಾನಾಗಿ ಸೇರಿಸುತ್ತದೆ. ಮೂನ್‌ಶೆಲ್ ಹಾಡು ಓದುತ್ತಿದೆ, ಹಾಗಾಗಿ ನಿಮ್ಮದರಲ್ಲಿ ಅದು ಸರಿ ಇದೆ. ಎರಡು, ತನ್ನ ಫೈಲ್ ಯಾವ ಫೋಲ್ಡರ್‌ನಲ್ಲಿ ಯಾವ ಹೆಸರಿನಲ್ಲಿದೆ ಅಂತ ಪ್ರೋಗ್ರಾಂಗೆ ಗೊತ್ತಾಗಬೇಕು. ಅದನ್ನು ಮೆನು ಆರ್ಗ್‌ವಿ (ಪ್ರೋಗ್ರಾಂ ತೆರೆಯುವಾಗ ಅದಕ್ಕೆ ಕೊಡುವ ಮಾಹಿತಿ) ಮೂಲಕ ಹೇಳಬೇಕು. ಹಳೆಯ ಕ್ಲೋನ್ ಮೆನುಗಳು ಎಷ್ಟೋ ಹೇಳುವುದಿಲ್ಲ. ಮನೆ ನಂಬರ್ ಕೊಡದೆ ಮನೆಗೆ ಬಾ ಅಂದ ಹಾಗೆ. ಮೆಲಾನ್‌ಡಿಎಸ್‌ನಲ್ಲಿ ಡಿಎಲ್‌ಡಿಐ ಆನ್ ಇದ್ದರೆ ಅದೇ ಆರ್ಗ್‌ವಿ ಕೊಟ್ಟುಬಿಡುತ್ತದೆ, ಅದಕ್ಕೇ ಅಲ್ಲಿ ಓಡುತ್ತದೆ.

ನಿಮ್ಮ ಕೋಡ್‌ನಲ್ಲಿ ನೈಟ್ರೋಎಫ್‌ಎಸ್ ಇನಿಟ್ (ಅದನ್ನು ಶುರು ಮಾಡುವ ಹೆಜ್ಜೆ) ಸೋತರೆ ಏನಾಗುತ್ತದೆ? ಸುಮ್ನೆ ಲೂಪ್‌ನಲ್ಲಿ ನಿಲ್ಲುತ್ತದೆ, ಅಲ್ವಾ? ವಿಡಿಯೋ ಮೋಡ್ ಹಾಕುವ ಮೊದಲೇ ನಿಂತರೆ ಪರದೆ ಬಿಳಿಯಾಗಿಯೇ ಇರುತ್ತದೆ.

ಹೊಸ ಕಾರ್ಡ್ ಈಗಲೇ ಬೇಡ. ಡೆವ್‌ಕಿಟ್‌ಆರ್ಮ್ ಮಾಡಿದ ಡೆವ್‌ಕಿಟ್‌ಪ್ರೋದವರ ಹೋಂಬ್ರೂ ಮೆನು, ಹೆಚ್‌ಬಿಮೆನು, ತಂದು ಕಾರ್ಡ್‌ನಲ್ಲಿ ಹಾಕಿ. ಕಾರ್ಡಿನ ಮೆನುವಿನಿಂದ ಅದನ್ನು ತೆರೆಯಿರಿ, ಅದರ ಒಳಗಿನಿಂದ ನಿಮ್ಮ ಫೈಲ್ ತೆರೆಯಿರಿ. ಅದು ಆರ್ಗ್‌ವಿ ಕೊಡುತ್ತದೆ.

ಬೆಸುಗೆ_ಭಟ್ರು
32 ಕೆಬಿ ಕ್ಲಸ್ಟರ್ ಮಾಡದೆ ಇದನ್ನೆಲ್ಲ ಮಾಡಿ ಏನು ಪ್ರಯೋಜನ?

ಸಂಪಿಗೆ_ಬಿಟ್
ನಡುವೆ ಬಾಯಿ ಹಾಕುತ್ತಿದ್ದೇನೆ. ಅಕ್ಷರವನ್ನೆಲ್ಲ ಚಿತ್ರ ಮಾಡಿದ್ದೀರಾ? ಒತ್ತಕ್ಷರ ಬಂದಾಗ ಏನು ಮಾಡುತ್ತೀರಿ? ಫಾಂಟ್ ಹಾಕಿ ಸರಿಯಾಗಿ ಜೋಡಿಸುವುದು ಸರಿಯಾದ ದಾರಿ.

ಡೊಂಬಿವಲಿ_ರಾಘು
ಆರು ವರ್ಷದ ಮಗು ಒತ್ತಕ್ಷರಕ್ಕೆ ಬರುವ ಹೊತ್ತಿಗೆ ನೋಡೋಣ. ಈಗ ಕಾಗುಣಿತ ಸಾಕು. 34 ವ್ಯಂಜನ, ಒಂದೊಂದಕ್ಕೆ 15, ಒಟ್ಟು 510 ಚಿತ್ರ. ಗ್ರಿಟ್ ಅನ್ನುವ ಪ್ರೋಗ್ರಾಂನಲ್ಲಿ ಡಿಎಸ್ ಓದುವ ರೂಪಕ್ಕೆ ಬದಲಿಸಿದ್ದೇನೆ.

ಕೊತ್ರೂಡ್_ಕಿಟ್ಟಿ
64×64, 8 ಬಿಟ್ ಅಂದರೆ ಒಂದು ಚಿತ್ರಕ್ಕೆ 4 ಕೆಬಿ. 510ಕ್ಕೆ ಸುಮಾರು 2 ಎಂಬಿ. ಲೈಟ್‌ನ 4 ಎಂಬಿಯಲ್ಲಿ ಅರ್ಧ ಹೋಯಿತು. ಡಿಎಸ್‌ಐ ಆಗಿದ್ದರೆ ಈ ಚಿಂತೆಯೇ ಇರುತ್ತಿರಲಿಲ್ಲ.

ಮುಲುಂಡ್_ಮಾಣಿ
ಕಿಟ್ಟಿ, ಕಪ್ಪು ಅಕ್ಷರಕ್ಕೆ 256 ಬಣ್ಣ ಯಾಕೆ? 4 ಬಿಟ್ ಸಾಕು, 1 ಎಂಬಿಗೆ ಇಳಿಯುತ್ತದೆ. ಆಗ ನೈಟ್ರೋಎಫ್‌ಎಸ್ ಬಿಟ್ಟು ಚಿತ್ರಗಳನ್ನು ಪ್ರೋಗ್ರಾಂ ಒಳಗೇ ಸೇರಿಸಬಹುದು. ಯಾವ ಕಾರ್ಡ್ ಆದರೂ ಓಡುತ್ತದೆ.

ಡೊಂಬಿವಲಿ_ರಾಘು
ಹೆಚ್‌ಬಿಮೆನುವಿನಿಂದ ಬಂತು! ಅ ಬಂತು, ಆ ಬಂತು, ಕಾಗುಣಿತ ಪೂರ್ತಿ ಬಂತು. ಥ್ಯಾಂಕ್ಸ್ ಮಾಣಿ. ಆದರೆ ಮಗುವಿಗೆ ಎರಡು ಮೆನು ದಾಟುವುದು ಕಷ್ಟ. 4 ಬಿಟ್ ಮಾಡಿ ಒಳಗೇ ಸೇರಿಸುತ್ತೇನೆ. ಕಾರ್ಡ್ ಪ್ರಶ್ನೆ ಮಾತ್ರ ಇನ್ನೂ ಇದೆ. ಅಕ್ಕನ ಮನೆಗೆ ಇನ್ನೊಂದು ಬೇಕು.

ಮುಲುಂಡ್_ಮಾಣಿ
ಸ್ಟಿಕರ್ ನೋಡಿ ಕೊಳ್ಳಬೇಡಿ. ಆ ಕಾರ್ಡಿಗೆ ಡಿಎಲ್‌ಡಿಐ ಇದೆಯಾ, ಟ್ವಿಲೈಟ್ ಮೆನು ಅದರಲ್ಲಿ ಓಡುತ್ತದಾ ಅಂತ ಮೊದಲು ನೋಡಿ. ಇನ್ನೊಂದು, ಕೆಲವು ಕ್ಲೋನ್‌ಗಳ ಕರ್ನಲ್‌ನಲ್ಲಿ (ಮೆನು ನಡೆಸುವ ಸಾಫ್ಟ್‌ವೇರ್‌ನಲ್ಲಿ) ದಿನಾಂಕದ ಬೀಗ ಇರುತ್ತದೆ. ಆ ತಾರೀಖು ದಾಟಿದ ಮೇಲೆ ಮೆನು ಆಟ ತೆರೆಯುವುದಿಲ್ಲ. ಡಿಎಸ್‌ನ ಗಡಿಯಾರ ಹಿಂದಕ್ಕೆ ಇಟ್ಟರೆ ಮತ್ತೆ ನಡೆಯುತ್ತದೆ, ಇಲ್ಲವೇ ಬೇರೆ ಮೆನು ಹಾಕಬೇಕು. ಮಾರುವವನ ಹತ್ತಿರ ಕಾರ್ಡಿನ ಎರಡೂ ಬದಿಯ ಫೋಟೋ ಕೇಳಿ, ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ. ಕಳಿಸದಿದ್ದರೆ ಬಿಟ್ಟುಬಿಡಿ. ದುಬಾರಿದು ಏನೂ ಬೇಡ, ನಿಮ್ಮ ಆಟಕ್ಕೆ ಕಡಿಮೆ ಬೆಲೆಯ ಕ್ಲೋನ್ ಧಾರಾಳ.

ವಾಸ್ಕೋ_ವಾದಿರಾಜ
ನನ್ನ ಸೆಟಪ್ ಫೋಟೋ ಹಾಕಿದ್ದೇನೆ. ಎಡದಿಂದ ಬಲಕ್ಕೆ: ದಪ್ಪ ಡಿಎಸ್, ಲೈಟ್, ಡಿಎಸ್‌ಐ ಎಕ್ಸ್‌ಎಲ್, ಪಿಎಸ್‌ಪಿ. ಹಿಂದೆ ಕಾಣುವ ಡಬ್ಬಿ ಸಿಲಿಕಾ ಜೆಲ್. ಗೋವಾದಲ್ಲಿ ಅದಿಲ್ಲದೆ ಬದುಕಿಲ್ಲ.

ಬೆಸುಗೆ_ಭಟ್ರು
ಎಕ್ಸ್‌ಎಲ್ ಯಾವ ಬಣ್ಣ? ವೈನ್ ರೆಡ್ ಇದ್ದರೆ ಮಾರುತ್ತೀರಾ?

ಹಡಪ್ಸರ್_ಹೇಮಾ
ಹೊಸಬಳು, ಇಲ್ಲೇ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ನನ್ನ ಲೈಟ್‌ನ ಬಲಗಡೆಯ ಹಿಂಜ್ ಬಿರುಕು ಬಿಟ್ಟಿದೆ. ಅಂಟು ಹಾಕಿದರೆ ನಿಲ್ಲುತ್ತದಾ?

ಮುಲುಂಡ್_ಮಾಣಿ
ನಿಲ್ಲುವುದಿಲ್ಲ. ಶೆಲ್ ಪೂರ್ತಿ ಬದಲಿಸಬೇಕು. ಟ್ರೈ-ವಿಂಗ್ ಸ್ಕ್ರೂಡ್ರೈವರ್ ಬೇಕೇ ಬೇಕು. ಮೇಲಿನ ಪರದೆಯ ರಿಬ್ಬನ್ ಕೇಬಲ್ ಸುರುಳಿ ಸುತ್ತಿಕೊಂಡು ಹಿಂಜ್ ಒಳಗಿನಿಂದ ಬರುತ್ತದೆ, ಅದನ್ನು ಎಳೆಯಬೇಡಿ. ಹರಿದರೆ ಪರದೆಯನ್ನೇ ಬದಲಿಸಬೇಕಾಗುತ್ತದೆ. ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಫೋಟೋ ಹಾಕಿ.