ಹಿಟ್ಟು 'ಹುಳಿ ಬರಲಿ' ಅನ್ನಬೇಕೋ, 'ಉಬ್ಬಲಿ' ಅನ್ನಬೇಕೋ?

ಗೆಳೆಯರೇ,

ನಾನು ಬರೆದ ಒಂದು ಪದದಿಂದ ಅರ್ಧ ಕೆಜಿ ಮೈದಾ ಹಾಳಾಯಿತು. ಅದಕ್ಕೇ ಕೇಳುತ್ತಿದ್ದೇನೆ.

ಮಂಡ್ಯದಲ್ಲಿರುವ ನಮ್ಮ ಅತ್ತಿಗೆ ಮಕ್ಕಳಿಗೆ ಸಾಸೇಜ್ ರೋಲ್ ಮಾಡಿಕೊಡಬೇಕು, ಹೇಗೆ ಅಂತ ಬರೆದು ಕಳಿಸು ಅಂದರು. ಇಂಗ್ಲೆಂಡಿನ ಸಾಸೇಜ್ ರೋಲ್ ನಮ್ಮ ಪಫ್ಸ್ ಥರ ಪದರ ಪದರವಾಗಿ ಉದುರುತ್ತದೆ. ನಾನು ಮೈಸೂರಿನ ಮನೆಯಲ್ಲಿ ಮಾಡುವುದು ಹಾಂಗ್‌ಕಾಂಗ್ ಬೇಕರಿಗಳ ಥರದ್ದು. ಮೆತ್ತನೆ ಬನ್ನಿನ ಹಿಟ್ಟನ್ನು ಉದ್ದಕ್ಕೆ ಎಳೆದು ಸಾಸೇಜಿಗೆ ಸುತ್ತಿ ಓವನ್ನಿನಲ್ಲಿ ಬೇಯಿಸುವುದು. ಅರ್ಧ ಕೆಜಿ ಮೈದಾ, 7 ಗ್ರಾಂ ಒಣ ಯೀಸ್ಟ್, ಉಗುರು ಬೆಚ್ಚಗಿನ ಹಾಲು ಸುಮಾರು 300 ಮಿಲಿ, ಸ್ವಲ್ಪ ಸಕ್ಕರೆ, ಉಪ್ಪು, ಬೆಣ್ಣೆ ಅಂತ ಬರೆದೆ. ಕೆಳಗೆ, 'ಚೆನ್ನಾಗಿ ನಾದಿ, ಮುಚ್ಚಿಡಿ, ಹುಳಿ ಬರಲಿ' ಅಂತ ಸೇರಿಸಿದೆ. ಎಷ್ಟು ಹೊತ್ತು ಅನ್ನುವುದನ್ನೇ ಮರೆತೆ.

ಅವರು ಇಡ್ಲಿ ಹಿಟ್ಟಿನ ಲೆಕ್ಕದಲ್ಲಿ ರಾತ್ರಿಯೆಲ್ಲ ಇಟ್ಟಿದ್ದಾರೆ. ಬೆಳಿಗ್ಗೆ ನೋಡಿದರೆ ಉಬ್ಬಿ, ಕುಸಿದು, ಕೈಗೆಲ್ಲ ಅಂಟಿಕೊಂಡು, ಹೆಂಡದ ವಾಸನೆಯಂತೆ. "ಹುಳಿ ಬರ್ಲಿ ಅಂತ ನೀನೇ ಬರ್ದಿದ್ದಲ್ಲಪ್ಪ" ಅಂದರು. ಏನು ಹೇಳಲಿ?

ಯೋಚಿಸಿದರೆ ಅವರದ್ದೇ ಸರಿ. ಇಡ್ಲಿ ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಅವು ಗಾಳಿಯನ್ನೂ ಬಿಡುತ್ತವೆ, ಹುಳಿಯನ್ನೂ ಮಾಡುತ್ತವೆ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ 'ಹುಳಿ ಬಂತು' ಅಂದರೆ 'ಉಬ್ಬಿತು' ಅಂತಲೂ ಆಯಿತು. ಯೀಸ್ಟ್ ಸಕ್ಕರೆ ತಿಂದು ಬಿಡುವುದು ಇಂಗಾಲದ ಡೈಆಕ್ಸೈಡ್ ಮತ್ತು ಆಲ್ಕೋಹಾಲ್. ಬೆಚ್ಚಗಿನ ಜಾಗದಲ್ಲಿ ಸುಮಾರು ಒಂದು ಗಂಟೆಗೆ ಹಿಟ್ಟು ಎರಡರಷ್ಟಾಗುತ್ತದೆ. ಅಷ್ಟರಲ್ಲಿ ಹುಳಿ ಎಲ್ಲಿಂದ ಬರಬೇಕು? ಕನ್ನಡ ಬೈಬಲಿನಲ್ಲಿ 'ಹುಳಿಯಿಲ್ಲದ ರೊಟ್ಟಿ' ಅಂತ ಇದೆ, ಒಪ್ಪುತ್ತೇನೆ. ಅದು ಹಳೆ ಹಿಟ್ಟಿನ ತುಂಡನ್ನು ಹೊಸ ಹಿಟ್ಟಿಗೆ ಸೇರಿಸುತ್ತಿದ್ದ ಕಾಲದ ಮಾತು. ಪ್ಯಾಕೆಟ್ ಯೀಸ್ಟಿಗೆ ಒಗ್ಗುವುದಿಲ್ಲ.

'ನೆನೆಯಲಿ' ಅನ್ನೋಣವೇ? ಚಪಾತಿ ಹಿಟ್ಟು ನೆನೆದರೆ ಮೆತ್ತಗಾಗುತ್ತದೆ, ಉಬ್ಬುವುದಿಲ್ಲ. ಪಠ್ಯಪುಸ್ತಕದಲ್ಲಿ 'ಹುದುಗುವಿಕೆ' ಇದೆ. ಆದರೆ 'ಹಿಟ್ಟು ಹುದುಗಲಿ' ಅಂತ ಬರೆದರೆ ಅತ್ತಿಗೆ ಎಲ್ಲಿ ಬಚ್ಚಿಡಲಿ ಅಂತ ಕೇಳುತ್ತಾರೆ! ಉಳಿದದ್ದು 'ಉಬ್ಬು'. ನನಗೆ ಇದೇ ಇಷ್ಟ. ತೊಡಕು ಏನೆಂದರೆ, ಈ ಹಿಟ್ಟು ಮೂರು ಸಲ ಉಬ್ಬುತ್ತದೆ: ನಾದಿಟ್ಟ ಮೇಲೆ, ಸಾಸೇಜಿಗೆ ಸುತ್ತಿ ಅರ್ಧ ಗಂಟೆ ಬಿಟ್ಟಾಗ, ಆಮೇಲೆ ಓವನ್ನಿನಲ್ಲಿ. ಎಣ್ಣೆಗೆ ಬಿಟ್ಟ ಪೂರಿಯೂ ಉಬ್ಬುತ್ತದೆ. ಕಾವಿಗೆ ಉಬ್ಬುವುದು ಬೇರೆ, ಸುಮ್ನೆ ಕೂತಲ್ಲೇ ಉಬ್ಬುವುದು ಬೇರೆ, ಅಲ್ವಾ?

ಇನ್ನು 'ಹಿಟ್ಟು' ಅನ್ನುವ ಪದವೂ ಕಮ್ಮಿಯದ್ದಲ್ಲ. ಒಣ ಪುಡಿಯೂ ಹಿಟ್ಟು, ಕಲಸಿದ್ದೂ ಹಿಟ್ಟು, ದೋಸೆಗೆ ರುಬ್ಬಿದ್ದೂ ಹಿಟ್ಟು. ಮಂಡ್ಯದ ಕಡೆ ಊಟಕ್ಕೆ ಕೂತರೆ ರಾಗಿಮುದ್ದೆಯೂ ಹಿಟ್ಟೇ. ಕಲಸಿದ್ದಕ್ಕೆ 'ಕಣಕ' ಅನ್ನಬಹುದು ಅಂತ ನನ್ನ ಅಂದಾಜು. ಹೂರಣದ ಜಾಗದಲ್ಲಿ ಸಾಸೇಜ್ ಕೂತಿದೆ, ಅಷ್ಟೇ. ಒಬ್ಬಟ್ಟಿನವರು ಬೈಯಬೇಡಿ.

ಒಂದೇ ಒಂದು ಪದ ತೊಂದರೆ ಕೊಡಲಿಲ್ಲ. ಹಿಟ್ಟನ್ನು ಉದ್ದಕ್ಕೆ ಎಳೆಯುವುದು ಹೇಗೆ ಅಂತ ಫೋನಿನಲ್ಲಿ ಕೇಳಿದರು. "ಕೋಡುಬಳೆ ಥರ ಹೊಸೀರಿ ಅತ್ತಿಗೆ" ಅಂದೆ. "ಅಷ್ಟೇನಾ?" ಅಂದರು. ಬತ್ತಿ ಹೊಸೆದ ಕೈಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಒಲೆಗೆ ಹೋಗುವ ಮುಂಚಿನ ಉಬ್ಬುವಿಕೆಗೆ ಇದೇ ಥರದ, ಕೇಳಿದ ಕೂಡಲೇ ತಿಳಿಯುವ ಪದ ನಿಮ್ಮ ಮನೆಯಲ್ಲಿ ಇದೆಯೇ? ಬೇಕರಿಯಲ್ಲಿ ಕೆಲಸ ಮಾಡಿದವರು ಏನನ್ನುತ್ತಾರೆ? ಅತ್ತಿಗೆ ಭಾನುವಾರ ಮತ್ತೆ ಮಾಡುತ್ತಾರಂತೆ. ಸದ್ಯಕ್ಕೆ 'ಒಂದು ಗಂಟೆ, ಎರಡರಷ್ಟಾಗಲಿ, ಜಾಸ್ತಿ ಬಿಡಬೇಡಿ' ಅಂತ ಬರೆದು ಕಳಿಸಿದ್ದೇನೆ.